ಮುನ್ನೂರು ಮಾರ್ಕಿನ ಒಂದು ಟ್ರಿಪ್

ಟಿಣ್ ಅಂತ ಒಂದು ಸಣ್ಣ ಗಂಟೆ. ರಾಯಚೂರಿನ ನಮ್ಮ ಆಫೀಸಿನಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಮಷೀನೊಂದಿತ್ತು, ಅದರದು ಆ ಸದ್ದು. ಅದರಲ್ಲಿ ಭಾಗಾಕಾರ ಮಾಡಬೇಕಾದರೆ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸುತ್ತಾ ಹೋಗಬೇಕು. ಒಂದೊಂದು ಸುತ್ತಿಗೂ ದೊಡ್ಡ ಸಂಖ್ಯೆಯಿಂದ ಸಣ್ಣ ಸಂಖ್ಯೆ ಒಂದು ಸಲ ಕಳೆಯುತ್ತದೆ. ಕಳೆಯಲು ಏನೂ ಉಳಿಯದೆ ಲೆಕ್ಕ ಸೊನ್ನೆಯ ಕೆಳಗೆ ಜಾರಿತೋ, ಟಿಣ್. ಆಗ ಒಂದು ಸುತ್ತು ವಾಪಸ್ ತಿರುಗಿಸಿ, ಒಟ್ಟು ಎಷ್ಟು ಸುತ್ತಾಯಿತೆಂದು ಓದಿಕೊಂಡರೆ ಅದೇ ಉತ್ತರ. ನನಗೆ ಆ ಗಂಟೆ ಬಹಳ ಇಷ್ಟವಾಗಿತ್ತು. ಬಹಳ ಡೀಸೆಂಟ್ ಸದ್ದು.

ಎಂಬತ್ತೈದರ ಮಳೆ ಮುಗಿದು ಎಂಬತ್ತಾರರ ಮಳೆ ಬರುವವರೆಗಿನ ಏಳು ತಿಂಗಳ ಮಾತು ಇದು. ನಮ್ಮ ಕಾಂಟ್ರ್ಯಾಕ್ಟರ್ ಕಂಪನಿ ದೇವದುರ್ಗದ ಆಚೆ ಕೃಷ್ಣೆಗೆ ಸೇತುವೆ ಕಟ್ಟುತ್ತಿತ್ತು. ಮಾಲೀಕರು ಹೈದರಾಬಾದಿನಲ್ಲಿ, ಆಫೀಸು ರಾಯಚೂರಿನಲ್ಲಿ, ಕೆಲಸ ನದಿಯಲ್ಲಿ. ನಾನು ಸ್ಟೆನೋ, ಅದೂ ಟೆಂಪರರಿ. ಕಾನ್ವೆಂಟಿನಲ್ಲಿ ಓದಿದವಳು ಅಂತ ಇಂಗ್ಲಿಷ್ ಪತ್ರಗಳೆಲ್ಲ ನನ್ನ ಪಾಲಿಗೆ. ಫಾರಿನ್ ಎಕ್ಸ್‌ಚೇಂಜ್ ಅನ್ನುವುದೂ ಇಂಗ್ಲಿಷ್ ಶಬ್ದವೇ ಆದ್ದರಿಂದ ಅದೂ ನನ್ನ ಟೇಬಲ್ಲಿಗೇ ಬಂತು.

ಸೇತುವೆಯ ಕಂಬಕ್ಕೆ ಮೊದಲು ನದಿಯಲ್ಲಿ ಬಾವಿ ಇಳಿಸುತ್ತಾರೆ. ಕಾಂಕ್ರೀಟಿನ ದೊಡ್ಡ ಬಳೆಯಂಥದ್ದು. ಒಳಗಿನ ಮರಳನ್ನು ತೆಗೆದಂತೆಲ್ಲ ಅದು ತನ್ನ ಭಾರಕ್ಕೇ ಕುಸಿಯುತ್ತಾ ಹೋಗುತ್ತದೆ. ನಮ್ಮ ಐದನೇ ಬಾವಿ ಎಂಬತ್ತು ಅಡಿ ಇಳಿದು ನಿಂತುಬಿಟ್ಟಿತು. ಅಂಚಿನ ಕೆಳಗೆ ಒಂದು ಕಡೆ ದೊಡ್ಡ ಕಲ್ಲು ಸಿಕ್ಕಿ ಬಾವಿ ವಾಲತೊಡಗಿತ್ತು. ಮಳೆಗೆ ಮುಂಚೆ ಆ ಕಲ್ಲು ಒಡೆಯದಿದ್ದರೆ ಹೊಳೆ ಬಂದಾಗ ಬಾವಿ ಮಲಗಿಬಿಡುತ್ತದೆ ಅಂದರು. ಒಡೆಯಬೇಕೆಂದರೆ ಬಾವಿಯೊಳಗೆ ತುಂಬಿದ ನೀರಿನಲ್ಲಿ ಎಂಬತ್ತು ಅಡಿ ಕೆಳಗೆ ಮನುಷ್ಯ ಇಳಿಯಬೇಕು.

ಅದಕ್ಕೆ ಬೊಂಬಾಯಿಯ ಏಜೆಂಟರೊಬ್ಬರಿಂದ ಜರ್ಮನಿಯ ಸಲಕರಣೆ ಬಾಡಿಗೆಗೆ ಬಂತು: ತಲೆಗೆ ಹಾಕುವ ಹೆಲ್ಮೆಟ್ಟು, ಗಾಳಿಯ ನಳಿಗೆ, ಕಂಪ್ರೆಸರ್, ದೋಣಿ. ಅದನ್ನು ಬಲ್ಲ ಇಬ್ಬರು ಕೂಡ ಬಂದರು. ಬಾಡಿಗೆ ಡೈವ್ ಟ್ರಿಪ್ ಲೆಕ್ಕದಲ್ಲಿ, ಒಂದು ಟ್ರಿಪ್ಪಿಗೆ ಮುನ್ನೂರು ಜರ್ಮನ್ ಮಾರ್ಕು. ಕೊಡುವುದು ರೂಪಾಯಿಯಲ್ಲೇ, ಆದರೆ ಆ ಹದಿನೈದು ದಿನದ ಬ್ಯಾಂಕ್ ರೇಟಿನ ಪ್ರಕಾರ. ಮಾಲೀಕರು ಈ ಕೆಲಸಕ್ಕೆ ಎಪ್ಪತ್ತು ಸಾವಿರ ಮಂಜೂರು ಮಾಡಿದಾಗ ಮಾರ್ಕಿಗೆ ನಾಲ್ಕು ರೂಪಾಯಿಯೂ ಇರಲಿಲ್ಲ. ಎಪ್ಪತ್ತು ಸಾವಿರವನ್ನು ಒಂದು ಟ್ರಿಪ್ಪಿನ ಬಾಡಿಗೆಯಿಂದ ಭಾಗಿಸಿದರೆ ಐವತ್ತೊಂಬತ್ತು ಸುತ್ತಾದ ಮೇಲೆ ಗಂಟೆ ಬಾರಿಸಿತ್ತು, ಅಂದರೆ ಐವತ್ತೊಂಬತ್ತು ಟ್ರಿಪ್. ದೋಣಿ ನದಿಗೆ ಇಳಿಯುವ ಹೊತ್ತಿಗೆ ಮಾರ್ಕು ನಾಲ್ಕೂಮುಕ್ಕಾಲರ ಹತ್ತಿರ. ಅದೇ ಎಪ್ಪತ್ತು ಸಾವಿರ, ಅದೇ ಮಷೀನು, ನಲವತ್ತೊಂಬತ್ತಕ್ಕೇ ಟಿಣ್. ನದಿಯಲ್ಲಿ ಯಾರೂ ಕಾಲಿಡುವ ಮೊದಲೇ ಹತ್ತು ಟ್ರಿಪ್ ಹೋಗಿಬಿಟ್ಟಿದ್ದವು.

ಹದಿನೈದು ದಿನಕ್ಕೊಂದು ಸೋಮವಾರ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕೂರುವುದು ನನ್ನ ಕೆಲಸ. ಲೈನು ಸಿಗುವುದರೊಳಗೆ ಮಧ್ಯಾಹ್ನ. ಆ ಕಡೆ ಏಜೆಂಟರ ಆಫೀಸಿನ ಹುಡುಗಿ ರೇಟನ್ನು ಒಂದೊಂದೇ ಅಂಕಿಯಾಗಿ ಕೂಗುತ್ತಿದ್ದಳು, ನಾನು ಬರೆದುಕೊಂಡು ಮಷೀನು ತಿರುಗಿಸಿ, ಉಳಿದ ಟ್ರಿಪ್ಪಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮ್ಯಾನೇಜರ್ ಸಾಹೇಬರ ಮುಂದಿಡುತ್ತಿದ್ದೆ. ಅದೇ ಚೀಟಿ ಜೀಪಿನಲ್ಲಿ ಸೈಟಿಗೆ ಹೋಗುತ್ತಿತ್ತು.

ಜನವರಿಯಲ್ಲಿ ಸಹಿಗಳಿಗಾಗಿ ನಾನೇ ಸೈಟಿಗೆ ಹೋಗಿದ್ದೆ. ಡೈವರ್ ಅಲ್ಲಿಯವನೇ, ದೇವದುರ್ಗ ಕಡೆಯ ನದೀತೀರದ ಹಳ್ಳಿಯ ಅಂಬಿಗರವನು. ಬೊಂಬಾಯಿ ಬಂದರಿನ ಡಾಕಿನಲ್ಲಿ ಕೂಲಿಗೆ ಹೋಗಿ ಡೈವಿಂಗ್ ಕಲಿತವನು. ಮೂವತ್ತು ದಾಟಿರಲಿಲ್ಲ. ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ರಾಯಚೂರಿನ ಮುಸಲ್ಮಾನರು, ಅವರೂ ಅದೇ ಡಾಕಿನಲ್ಲಿ ತಲೆ ನರೆಸಿಕೊಂಡು ಬಂದವರು.

"ಬರ್ರಿ ಅಕ್ಕೋರ, ಕುಂದರ್ರಿ," ಅಂದ ಡೈವರ್. ಆಗಷ್ಟೇ ಮೇಲೆ ಬಂದು ಗೋಣಿಚೀಲದ ಮೇಲೆ ಕೂತಿದ್ದ. "ನಿಮ್ಮ ಗಂಟಿ ಮಷೀನು ಇನ್ನೆಷ್ಟ ಸಲ ನನ್ನ ಮುಳುಗಸ್ತದಂತ?"

"ಇವ್ನಿಗೆ ಕೆಳಗೊಬ್ಬಾಕಿ ಅದಾಳ ಮೇಡಂ," ಅಂದರು ಮಿಸ್ತ್ರಿ. "ನಾ ಹಗ್ಗ ಜಗ್ಗಿದ್ರೂ ಮ್ಯಾಲ ಬರಾಕ ಒಲ್ಲ ಅಂತಾನ."

"ಮಿಸ್ತ್ರಿ ಮಾತು ನನ್ನ ಹೇಣ್ತಿ ಕಿವಿಗೆ ಹಾಕಬ್ಯಾಡ್ರಿ. ಆಕಿ ತವರಮನಿ ನೀರಮಾನ್ವಿ. ಸೀದಾ ಅಲ್ಲಿ ಗುಡ್ಯಾಗ ಎಲ್ಲಮ್ಮನ ಮುಂದ ನಿಂದ್ರಿಸಿ ಆಣಿ ಮಾಡಸ್ತಾಳ."

ಕೆಳಗೆ ಹೇಗಿರುತ್ತದೆ ಎಂದು ಕೇಳಿದೆ.

"ಕಣ್ಣು ತೆಗದ್ರೂ ಅಷ್ಟ, ಮುಚ್ಚಿದ್ರೂ ಅಷ್ಟರಿ. ಕೈಲೆ ನೋಡಬೇಕು. ಕಲ್ಲು ಎಮ್ಮಿ ಬೆನ್ನಿನಂಗದ. ದಿನಾ ಒಂದೊಂದು ತೂತು ಹಾಕಿ, ಬೆಣಿ ಹೊಡದು, ಚೂರು ಚೂರು ತೆಗ್ಯಾಕತ್ತೀನಿ."

"ನಲವತ್ತು ನಿಮಿಷ ಆತಂದ್ರ ಮುಗೀತು," ಮಿಸ್ತ್ರಿ ನನಗೆ ತಿಳಿಸಿ ಹೇಳಿದರು. "ಅಷ್ಟು ಆಳಕ್ಕ ದಿನಕ್ಕ ಒಂದ ಸಲ. ಒತ್ತಡದಾಗ ಗಾಳಿ ರಕ್ತದಾಗ ಕರಗ್ತದ ಮೇಡಂ. ಮತ್ತ ಮತ್ತ ಇಳದು ಏರಿದ್ರ ಸೋಡಾ ಬಾಟ್ಲಿ ಮುಚ್ಚಳ ತೆಗದಂಗ, ರಕ್ತದಾಗ ಬುರುಗು. ಡಾಕಿನಾಗ ನೋಡೀನಿ. ಹೋದ್ರ ಜೀವ ಹೋಗ್ತದ, ಉಳದ್ರ ಕಾಲು ಹೋಗ್ತಾವ."

ಇದನ್ನು ಇಷ್ಟು ಸ್ಪಷ್ಟವಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನನಗೆ ಗೊತ್ತಿರಲಿಲ್ಲ ಅನ್ನುವ ಮಾತು ಮುಂದೆ ಯಾರ ಬಾಯಲ್ಲೂ ಬರಬಾರದು. ನನ್ನ ಬಾಯಲ್ಲಂತೂ.

ಮಾರ್ಚಿನ ಮೊದಲ ಸೋಮವಾರ ಮಾರ್ಕು ಐದು ರೂಪಾಯಿ ನಲವತ್ತು ಪೈಸೆ ಆಗಿತ್ತು. ಮೂವತ್ತು ಟ್ರಿಪ್ ಮುಗಿದು ಕೈಯಲ್ಲಿ ಇಪ್ಪತ್ತೈದು ಸಾವಿರ ಉಳಿದಿತ್ತು. ಹದಿನೈದು ಸುತ್ತಿಗೆ ಗಂಟೆ. ಡೈವರ್ ಕಳಿಸಿದ ಲೆಕ್ಕದ ಪ್ರಕಾರ ಕಲ್ಲು ಬಿಡಬೇಕಾದರೆ ಇನ್ನೂ ನಲವತ್ತು ಸಲ ಇಳಿಯಬೇಕಿತ್ತು. ಹೆಚ್ಚಿನ ಹಣ ಕೇಳಿ ಹೈದರಾಬಾದಿಗೆ ಬರೆದೆವು. ಮಾರ್ಕು ಏರಿದ್ದಕ್ಕೆ ರಾಯಚೂರು ಆಫೀಸು ವಿವರಣೆ ಕೊಡಬೇಕು, ಮಂಜೂರಾದದ್ದರ ಮೇಲೆ ಒಂದು ರೂಪಾಯಿಯೂ ಇಲ್ಲ ಅಂತ ಉತ್ತರ ಬಂತು.

ಸಾಹೇಬರು ಆ ಪತ್ರವನ್ನು ಎರಡು ಬೆರಳಿನಲ್ಲಿ ಹಿಡಿದು ನನ್ನ ಟೇಬಲ್ಲಿಗೆ ಬಂದರು. "ವಿವರಣೆ ಕೊಡ್ರಿ ಮಿಸ್. ಜರ್ಮನಿಯವರು ನಮ್ಮ ಕೇಳದೆ ಏರಿಸ್ಯಾರ, ಮುಂದಿನ ಸಲ ಕೇಳಿ ಏರಿಸಾಕ ಹೇಳೀವಿ ಅಂತ ಬರೀರಿ." ಆಮೇಲೆ ನಗು ನಿಲ್ಲಿಸಿ, "ಹದಿನೈದು ಟ್ರಿಪ್ಪು, ನಲವತ್ತು ಮುಳುಗು. ನಿಮ್ಮ ಕಾನ್ವೆಂಟಿನಾಗ ಇಂಥಾ ಲೆಕ್ಕ ಕಲಿಸ್ಯಾರೇನು?" ಅಂದರು.

ಅವರು ಚೇಷ್ಟೆಗೆ ಕೇಳಿದ್ದು. ನಾನು ಸೀರಿಯಸ್ಸಾಗಿ ತೆಗೆದುಕೊಂಡೆ. ಏಜೆಂಟರ ಜೊತೆಗಿನ ಅಗ್ರಿಮೆಂಟನ್ನು ತೆಗೆದು, ಸಿಸ್ಟರ್‌ಗಳು ಕಲಿಸಿದ ಹಾಗೆ ಪೆನ್ಸಿಲ್ ಹಿಡಿದು, ವಾಕ್ಯ ವಾಕ್ಯವನ್ನೂ ಬಿಡಿಸಿ ಓದಿದೆ. ಆರನೇ ಪುಟದಲ್ಲಿ ಸಿಕ್ಕಿತು. ದೋಣಿ ದಡ ಬಿಟ್ಟಾಗ ಟ್ರಿಪ್ ಶುರು, ದಡಕ್ಕೆ ಮರಳಿದಾಗ ಮುಕ್ತಾಯ. ನಡುವೆ ಡೈವರ್ ಎಷ್ಟು ಸಲ ಇಳಿಯಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ. ಆ ಕಸುಬಿನವರಾರೂ ಎಂಬತ್ತು ಅಡಿಗೆ ದಿನಕ್ಕೆ ಎರಡನೇ ಸಲ ಇಳಿಯುವ ವಿಚಾರ ಮಾಡುವುದಿಲ್ಲ. ದೋಣಿ ದಡಕ್ಕೆ ಬಾರದಿದ್ದರೆ ಮೂರು ಸಲ ಇಳಿದರೂ ಅದೇ ಮುನ್ನೂರು ಮಾರ್ಕು.

ನನಗೆ ಆಗ ಆದದ್ದು ಖುಷಿ. ಅದನ್ನು ಬೇರೆ ಯಾವುದಾದರೂ ಹೆಸರಿನಿಂದ ಕರೆಯಲು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ಸಾಹೇಬರು ಎರಡು ಸಲ ಓದಿದರು. ಅಗ್ರಿಮೆಂಟಿನ ಕೊನೆಯಲ್ಲಿ ಒಂದು ಟೇಬಲ್ ಇತ್ತು: ಎಷ್ಟು ಆಳಕ್ಕೆ ಎಷ್ಟು ನಿಮಿಷ, ಮೇಲೆ ಬಂದ ಮೇಲೆ ಎಷ್ಟು ಗಂಟೆ ವಿಶ್ರಾಂತಿ. ಅದರ ಮೇಲೆ ಬೆರಳಿಟ್ಟು ಕೇಳಿದರು. "ಇದು ಕಂಡಿಷನ್ನಾ?"

ಟೇಬಲ್ಲಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಓದಿ ಹೇಳಿದೆ. "ಗೈಡೆನ್ಸಿಗೆ ಮಾತ್ರ ಸರ್."

ನೋಟ್ ನಾನೇ ಟೈಪ್ ಮಾಡಿದೆ. ಒಂದು ಟ್ರಿಪ್ಪಿನಲ್ಲಿ ಮೂರು ಸಲ ಇಳಿಯುವುದು, ಪ್ರತಿ ಸಲ ನಲವತ್ತು ನಿಮಿಷ ಮೀರದಂತೆ. ಕೆಳಗೆ ನನ್ನ ಇನಿಷಿಯಲ್, ಅದರ ಪಕ್ಕ ಸಾಹೇಬರ ಸಹಿ.

ನಾಲ್ಕು ದಿನದ ಮೇಲೆ ಡೀಸೆಲ್ ವೋಚರ್ ಹಿಡಿದುಕೊಂಡು ಮಿಸ್ತ್ರಿ ಆಫೀಸಿಗೆ ಬಂದರು. ಜೊತೆಗೆ ಡೈವರ್. ಮಿಸ್ತ್ರಿ ನನ್ನ ಟೇಬಲ್ಲಿನ ಮೇಲೆ ಆ ನೋಟ್ ಇಟ್ಟರು.

"ಇದು ಯಾರು ಬರ್ದಿದ್ದು ಮೇಡಂ?"

"ಸಾಹೇಬರ ಸಹಿ ಇದೆಯಲ್ಲ."

"ದಸ್ಕತ್ ಸಾಹೇಬರ್ದು. ಅಕಲು ಅವರ್ದಲ್ಲ."

"ಅಗ್ರಿಮೆಂಟಿನ ಟೇಬಲ್ ಇರೋದು ಗೈಡೆನ್ಸಿಗೆ ಮಾತ್ರ ಮಿಸ್ತ್ರಿ."

"ಹೌದಾ. ರಕ್ತಕ್ಕ ಇಂಗ್ಲೀಷ್ ಬರ್ತದೇನು?"

ಆಫೀಸಿನ ಇಬ್ಬರು ನಕ್ಕರು. ನನಗೆ ಅವಮಾನವಾಯಿತು. ಡೈವರ್ ಮಾತ್ರ ನಗದೆ, ಬಾಗಿ ನೋಟನ್ನು ನೋಡುತ್ತಿದ್ದ, ಓದಲು ಬಾರದಿದ್ದರೂ. "ಅಕ್ಕೋರ, ನೀವು ಓದಿದವರು. ಮೂರು ಸಲ ಇಳೀಬಾರದು ಅಂತ ಆ ಕಾಗದದಾಗ ಬರದಾರೇನು?"

"ಹಾಗಂತ ಎಲ್ಲೂ ಬರೆದಿಲ್ಲ," ಅಂದೆ.

"ಕೇಳಿದ್ಯಾ ಮಿಸ್ತ್ರಿ? ಸುಮ್ಮನ ಅಂಜಸ್ತಿ. ಜಲ್ದಿ ಮುಗದ್ರ ನಾನೂ ಮಳಿಗಿಂತ ಮೊದಲ ಮನಿ ಮುಟ್ಟತೀನಿ."

ಮಿಸ್ತ್ರಿ ನೋಟನ್ನು ಮಡಿಚಿಕೊಂಡರು. "ಕಂಪ್ರೆಸರ್ ಮೂರು ಪಟ್ಟು ಡೀಸೆಲ್ ಕುಡೀತದ. ನಾಳಿ ಮಿಸ್ತ್ರಿ ಕದ್ದ ಅಂತೀರಿ. ಒಂದೊಂದು ಸಲಾ ಇಳದದ್ದು, ಏರಿದ್ದು, ಟೈಮ್ ಹಾಕಿ ಡೀಸೆಲ್ ಬುಕ್ಕಿನಾಗ ಬರ್ಕೋತೀನಿ," ಅಂದು ಹೋದರು.

ಮೊದಲ ವಾರ ಏನೂ ಆಗಲಿಲ್ಲ. ಕಲ್ಲು ಚೆನ್ನಾಗಿ ಸವೆಯುತ್ತಿದೆ ಎಂದು ವರದಿ ಬಂತು. ಸಾಹೇಬರು ನನ್ನನ್ನು ಕನ್ಫರ್ಮ್ ಮಾಡುವಂತೆ ಹೈದರಾಬಾದಿಗೆ ಬರೆದರು, ಆ ಪತ್ರವನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಿದರು. ಎರಡನೇ ವಾರ ಡೈವರನಿಗೆ ಮೊಣಕೈ, ಮೊಣಕಾಲಿನಲ್ಲಿ ಇಲಿ ಕಡಿದಂಥ ನೋವು ಅಂತ ಚೀಟಿ ಬಂತು. ಪೆಟಿ ಕ್ಯಾಷಿನಿಂದ ಎರಡು ಬಾಟಲಿ ನೋವಿನ ಎಣ್ಣೆ ಕಳಿಸಿದೆ. ಆಮೇಲೆ ಮೈ ತುರಿಕೆ ಅಂತ ಬಂತು. ಅದಕ್ಕೆ ಏನೂ ಕಳಿಸಲಿಲ್ಲ.

ಏಪ್ರಿಲ್ ಕೊನೆಯ ಸೋಮವಾರ ಮಾರ್ಕು ಮತ್ತಷ್ಟು ಏರಿತು. ಉಳಿದ ನಾಲ್ಕು ಟ್ರಿಪ್ಪು ಮೂರಾದವು. ಸಾಹೇಬರು ನನ್ನ ಚೀಟಿಯ ಹಿಂದೆ ಕೆಂಪು ಪೆನ್ನಿನಲ್ಲಿ, ಇನ್ನು ಮೂರರ ಬದಲು ನಾಲ್ಕು ಸಲ ಇಳಿಯಲಿ ಎಂದು ಬರೆದು ಕಳಿಸಿದರು.

ಮರುದಿನ ಮಧ್ಯಾಹ್ನ ಮೂರು ಗಂಟೆಗೆ ದೇವದುರ್ಗದ ಪೋಸ್ಟ್ ಆಫೀಸಿನಿಂದ ಫೋನು. ಮಿಸ್ತ್ರಿ.

"ಕಲ್ಲು ಬಿಡ್ತು ಮೇಡಂ. ನಾಲ್ಕನೇ ಸಲಕ್ಕ. ಬಾವಿ ಸರಕ್ ಅಂತ ಕೂತು ನೆಟ್ಟಗಾತು. ಸಾಹೇಬ್ರಿಗೆ ಹೇಳ್ರಿ." ಅದರ ಹಿಂದೆಯೇ, "ಇವ್ನ ಕಾಲು ಬಿದ್ದಾವ," ಅಂದರು.

"ಬಿದ್ದಾವ ಅಂದರೆ?"

"ಸೊಂಟದ ಕೆಳಗ ಏನೂ ತಿಳೀವಲ್ದು. ಚಿವುಟಿದ್ರ ನಗ್ತಾನ, ಯಾರ ಕಾಲು ಚಿವುಟಾಕತ್ತೀರಿ ಅಂತ. ಒಂದ ದಾರಿ ಅದ. ಹೆಲ್ಮೆಟ್ ಹಾಕಿ ಮತ್ತ ನೀರಿಗೆ ಬಿಟ್ಟು, ಅರ್ಧ ಆಳದಾಗ ಹಿಡದು, ತಾಸುಗಟ್ಲೆ ನಿಧಾನ ಮ್ಯಾಲ ತರಬೇಕು. ಡಾಕಿನಾಗ ಹಂಗ ಮಾಡಿ ಇಬ್ಬರು ಎದ್ದಿದ್ದು ನಾ ನೋಡೀನಿ. ದೋಣಿ ದಡಕ್ಕ ಬಂದದ. ಮತ್ತ ಹೊರಡಸ್ಲೇನು? ಕೇಳಿ ಹೇಳ್ರಿ, ಜಲ್ದಿ."

ರಿಸೀವರನ್ನು ಕೈಯಲ್ಲಿ ಮುಚ್ಚಿಕೊಂಡು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕಲ್ಲು ಬಿಟ್ಟ ಮಾತಿಗೆ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಕೇಳಿದರು.

"ದೋಣಿ ದಡಕ್ಕ ಬಂದ್ರ ಆ ಟ್ರಿಪ್ ಮುಗೀತು. ಹೌದಲ್ಲ ಮಿಸ್? ನೀವ ಹುಡುಕಿದ್ದು."

"ಹೌದು ಸರ್."

"ಹೊರಟ್ರ ಹೊಸ ಟ್ರಿಪ್ಪು."

"ಹೌದು ಸರ್."

"ಕಲ್ಲು ಬಿಟ್ಟದ. ಇನ್ಯಾಕ ಟ್ರಿಪ್ಪು? ಜೀಪಿನಾಗ ಹಾಕಿ ದವಾಖಾನಿಗೆ ತರಾಕ ಹೇಳ್ರಿ."

ಹೇಳಿದೆ. ನನ್ನ ದನಿಯಲ್ಲಿ, ಅವರ ಮಾತು. ಮೂರು ನಿಮಿಷ ಆಯಿತೆಂದು ಆಪರೇಟರ್ ಲೈನು ಕಿತ್ತಳು.

ರಾಯಚೂರಿನ ಡಾಕ್ಟರು ಇಂಥ ಕೇಸು ನೋಡಿರಲಿಲ್ಲ. ನೋಡಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಇದಕ್ಕೆ ಬೇಕಾದ ಒತ್ತಡದ ಕೋಣೆ ಬೊಂಬಾಯಿಯಲ್ಲಿ ಮಾತ್ರ. ಯಾರ ಖರ್ಚಿನಲ್ಲಿ ಕಳಿಸುವುದು ಎಂದು ಏಜೆಂಟರೂ ನಾವೂ ಟೆಲಿಗ್ರಾಂ ಆಡುತ್ತಾ ಐದು ದಿನ ಕಳೆದೆವು. ಆರನೇ ದಿನ, ಇನ್ನು ಕಳಿಸಿ ಉಪಯೋಗವಿಲ್ಲ ಎಂದರು ಡಾಕ್ಟರು.

ನಾನು ಒಂದು ಸಲ ದವಾಖಾನೆಗೆ ಡೈವರನನ್ನು ನೋಡಲು ಹೋದೆ, ಬ್ರೆಡ್ಡು ತೆಗೆದುಕೊಂಡು. ಅವನು ಮಲಗಿದ್ದ. ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದಳು. ಅವಳು ಅಳಲಿಲ್ಲ. "ಏಳತಾನೋ ಇಲ್ಲೋ ಅಷ್ಟ ಹೇಳ್ರಿ ಅಕ್ಕೋರ. ಏಳಲ್ಲಂದ್ರ ನಾನು ಕೂಲಿಗೆ ಹೋಗಬೇಕು. ಹೋದ್ರ ಇವನ ಹೇಲು ಉಚ್ಚಿ ಯಾರು ಬಳೀತಾರ? ಒಂದು ಕಡಿ ಗ್ಯಾರಂಟಿ ಆದ್ರ ನಾ ಇನ್ನೊಂದು ಕಡಿ ನೋಡಿಕೋತೀನಿ."

"ಇನ್ಸೂರೆನ್ಸ್ ಬರುತ್ತದೆ," ಅಂದೆ. ಬರುವ ದಾರಿ ನಿಜವಾಗಿಯೂ ಇತ್ತು. ಏಜೆಂಟರು ಡೈವರ್‌ಗಳಿಗೆ ಜರ್ಮನಿಯಲ್ಲಿ ವಿಮೆ ಮಾಡಿಸಿದ್ದರು. "ದೊಡ್ಡ ಮೊತ್ತ. ನಾನೇ ಕಾಗದ ಕಳಿಸ್ತೀನಿ."

ಅವನು ಹೆಂಡತಿಗೆ ಹೇಳಿದ, "ಅಕ್ಕೋರು ಬರದ್ರ ಆತು ಬಿಡು."

ಹದಿನೈದು ದಿನಕ್ಕೆ ವಿಮೆಯ ಫಾರಂ ಬಂತು. ಘಟನೆಯ ದಿನದ ಡೈವ್ ಟ್ರಿಪ್ಪಿನ ವಿವರವನ್ನು ಬಾಡಿಗೆ ಪಡೆದವರು, ಅಂದರೆ ನಾವು, ದೃಢೀಕರಿಸಬೇಕು. ಪರಿಹಾರ ಮಾರ್ಕಿನಲ್ಲೇ. ಮಾರ್ಕು ಏರಿದ್ದರಿಂದ ರೂಪಾಯಿ ಲೆಕ್ಕದಲ್ಲಿ ಅದೂ ಏರಿತ್ತು. ಅಭ್ಯಾಸಬಲದಿಂದ ಮಷೀನು ತಿರುಗಿಸಿ ನೋಡಿದೆ. ಮಾನ್ವಿ ಕಡೆ ಕಾಲುವೆ ನೀರಿನ ಎರಡು ಎಕರೆ ಹೊಲ ಬರುವಷ್ಟು ರೂಪಾಯಿ. ಹಿಂದಿನ ವರ್ಷವಾಗಿದ್ದರೆ ಒಂದೂವರೆಯೂ ಬರುತ್ತಿರಲಿಲ್ಲ.

"ಟ್ರಿಪ್ ಎಷ್ಟು ಅಂತ ಬರೀಲಿ ಸರ್?"

"ಒಂದು."

"ಇಳಿದದ್ದು ನಾಲ್ಕು ಸಲ."

"ಅವರು ಕೇಳಿದ್ದು ಟ್ರಿಪ್ಪು." ಸಾಹೇಬರು ಪೇಪರಿನಿಂದ ತಲೆ ಎತ್ತಲಿಲ್ಲ. "ನಾಲ್ಕು ಅಂದ್ರ ಏಜೆಂಟರು ಮಾರ್ಚಿನಿಂದ ಎಲ್ಲಾದಕ್ಕೂ ಮೂರು ಪಟ್ಟು ಬಿಲ್ ಹಾಕ್ತಾರ. ಹೈದರಾಬಾದಿನವರು ಯಾರ ನೋಟ್ ಇದು ಅಂತ ಕೇಳ್ತಾರ. ನಿಮ್ಮ ಕನ್ಫರ್ಮೇಷನ್ ಫೈಲು ಅವರ ಟೇಬಲ್ ಮ್ಯಾಲ ಅದ. ನಿಮ್ಮಿಷ್ಟ."

ನಿಮ್ಮಿಷ್ಟ ಅಂದದ್ದು ನಿಜ. ಅವರು ಒತ್ತಾಯ ಮಾಡಲಿಲ್ಲ. ತಿಂಗಳ ಲೆಕ್ಕಕ್ಕೆಂದು ಬಂದಿದ್ದ ಮಿಸ್ತ್ರಿಯ ಡೀಸೆಲ್ ಬುಕ್ಕು ನನ್ನ ಡ್ರಾಯರಿನಲ್ಲೇ ಇತ್ತು. ಒಂದೊಂದು ಸಲ ಇಳಿದದ್ದು, ಏರಿದ್ದು, ಗಂಟೆ ನಿಮಿಷದ ಸಮೇತ, ಎಣ್ಣೆ ಮೆತ್ತಿದ ಉರ್ದು ಅಂಕಿಗಳಲ್ಲಿ. ಅದರ ಆ ಒಂದು ಪುಟವನ್ನು ಫಾರಂಗೆ ಪಿನ್ ಮಾಡಿದ್ದರೆ ಸಾಕಿತ್ತು.

ನಾನು ಟೈಪ್ ಮಾಡಿದೆ: ಟ್ರಿಪ್ ಒಂದು, ತಳದಲ್ಲಿದ್ದ ಅವಧಿ ನಲವತ್ತು ನಿಮಿಷ ಮೀರಿಲ್ಲ. ಒಂದೊಂದು ಸಲವನ್ನು ಬಿಡಿಯಾಗಿ ನೋಡಿದರೆ ಮೀರಿರಲಿಲ್ಲ. ಪ್ರಿಪೇರ್ಡ್ ಬೈ ಎಂದಿರುವಲ್ಲಿ ಇನಿಷಿಯಲ್ ಅಲ್ಲ, ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಕಾನ್ವೆಂಟಿನ ದುಂಡು ಅಕ್ಷರ. ಆಮೇಲೆ ಆ ತಿಂಗಳ ಡೀಸೆಲ್ ವೋಚರುಗಳ ನಡುವೆ ಬುಕ್ಕನ್ನು ಇಟ್ಟು, ದಬ್ಬಣದಿಂದ ತೂತು ಮಾಡಿ, ದಾರ ಹಾಕಿ ಹೊಲಿದು ಹೈದರಾಬಾದಿಗೆ ಕಳಿಸಿದೆ. ವೋಚರು ಕಳಿಸುವುದು ನನ್ನ ಡ್ಯೂಟಿಯೇ ಆಗಿತ್ತು.

ಜೂನಿನಲ್ಲಿ ಮಿಸ್ತ್ರಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದಾಗ ಬುಕ್ಕು ಕೇಳಿದರು. ವೋಚರ್ ಜೊತೆ ಹೋಯಿತು ಅಂದೆ. "ಅಚ್ಛಾ," ಅಂದರು. ಹಣ ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು. ಅದೇ ತಿಂಗಳು ನನ್ನ ಕೆಲಸ ಕಾಯಂ ಆಯಿತು.

ಡೈವರನನ್ನು ನಾನು ಕೊನೆಯ ಸಲ ನೋಡಿದ್ದು ಅದಾಗಿ ಎರಡು ವರ್ಷಕ್ಕೆ, ಮಾನ್ವಿಯಲ್ಲಿ. ಕಂಪನಿಯ ಕಲ್ಲುಗಣಿಯ ಕಾಗದಕ್ಕಾಗಿ ತಾಲೂಕು ಕಚೇರಿಗೆ ಹೋಗಿದ್ದೆ. ಕಚೇರಿಯ ಗೋಡೆಯ ನೆರಳಿನಲ್ಲಿ ಅರ್ಜಿ ಬರೆಯುವವರು ಸಾಲಾಗಿ ಕೂರುತ್ತಿದ್ದರು. ಅವನ ಹೆಂಡತಿ ಅವನನ್ನು ಬೆನ್ನ ಮೇಲೆ ಹೊತ್ತು ತಂದು ಅಲ್ಲಿ ಇಳಿಸುತ್ತಿದ್ದಳು. ಸೊಂಟದಿಂದ ಮೇಲೆ ಅದೇ ಮನುಷ್ಯ, ಕೆಳಗೆ ಎರಡು ಒಣಕಟ್ಟಿಗೆ. ನಾನು ಮುಖ ತಿರುಗಿಸಿ ಹೋಗಬಹುದಿತ್ತು. ಅವನೇ ಕರೆದ.

"ಅಕ್ಕೋರ, ದೇವರು ಬಂದಂಗ ಬಂದ್ರಿ ನೋಡ್ರಿ. ಬೊಂಬಾಯಿಂದ ಕಾಗದ ಬಂದದ, ಇಂಗ್ಲೀಷಿನಾಗ. ಇಲ್ಲಿಯವರು ಒಬ್ಬೊಬ್ಬರು ಒಂದೊಂದು ಹೇಳ್ತಾರ."

ಹೆಂಡತಿ ಸೆರಗಿನ ಗಂಟು ಬಿಚ್ಚಿ ಲಕೋಟೆ ಕೊಟ್ಟಳು. ಎರಡು ಹಾಳೆ. ಮೊದಲನೆಯದು ವಿಮೆಯವರ ತೀರ್ಮಾನ: ದೃಢೀಕರಿಸಿದ ವಿವರದ ಪ್ರಕಾರ ಅಂದು ನಡೆದದ್ದು ಒಂದೇ ಟ್ರಿಪ್, ನಲವತ್ತು ನಿಮಿಷದೊಳಗೆ; ಅದರಿಂದ ಈ ಕಾಯಿಲೆ ಬರಲು ಸಾಧ್ಯವಿಲ್ಲವಾದ್ದರಿಂದ ಅರ್ಜಿಯನ್ನು ಕೊನೆಯದಾಗಿ ತಿರಸ್ಕರಿಸಲಾಗಿದೆ. ಎರಡನೆಯದು ಆ ವಿವರದ ನಕಲು. ಕೆಳಗೆ ನನ್ನ ಹೆಸರು, ದುಂಡಗೆ.

ಮೊದಲ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಂದು ಶಬ್ದವನ್ನೂ ಬಿಡಲಿಲ್ಲ.

ಅವನು ಕೇಳಿದ, "ಒಂದ ಟ್ರಿಪ್ ಅಂತ ಯಾರು ಬರಕೊಟ್ಟಾರಂತ? ಆ ಎರಡನೇ ಹಾಳ್ಯಾಗ ಹೆಸರು ಅದೇನು?"

"ಆಫೀಸು ಅಂತ ಇದೆ," ಅಂದೆ. "ಹೆಸರಿಲ್ಲ."

"ಹೋಗ್ಲಿ ಬಿಡ್ರಿ." ಹಾಳೆಗಳನ್ನು ತೆಗೆದುಕೊಂಡು, ನಕಲಿನ ಹಾಳೆಯನ್ನು ಮೇಲೆ ಮಾಡಿ, ಎಚ್ಚರಿಕೆಯಿಂದ ಮಡಿಚಿದ. "ಎರಡು ವರ್ಷಾತು, ಒಬ್ಬರೂ ಹಿಂಗ ಬಿಡಿಸಿ ಹೇಳಿರಲಿಲ್ಲ. ಇನ್ನ ಅಲೆದಾಟ ತಪ್ತು."

ಹೆಂಡತಿ ಸೆರಗಿನಿಂದ ಎಂಟಾಣೆ ತೆಗೆದು ನನ್ನ ಕಡೆ ಹಿಡಿದಳು. ಬೇಡ ಅಂದೆ.

"ತಗೋರಿ ಅಕ್ಕೋರ," ಅಂದಳು. "ಇಲ್ಲಿ ಓದಿಸಿದ್ದಕ್ಕ ಎಲ್ಲಾರಿಗೂ ಕೊಡ್ತೀವಿ. ನಿಮಗ್ಯಾಕ ಬಿಡಬೇಕು? ನೀವೇನ ಅವರಿಗಿಂತ ಬ್ಯಾರೆ ಏನ್ರಿ? ಪುಗಸಟ್ಟೆ ಮಾಡಾಕ ನಿಮಗ ನಮ್ಮದೇನ ಋಣ ಅದ?"

ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಡ ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಒಂದು ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ನಾನು ಕೈ ಚಾಚಿ ಎಂಟಾಣೆ ತೆಗೆದುಕೊಂಡೆ.